ಅಣ್ಣ ಕೇಳಿದ ಮದ್ದು

ಮೊದಲ ಇಂಜೆಕ್ಷನ್ ಕೊಟ್ಟ ಸಂಜೆಯೇ ಅಣ್ಣನಿಗೆ ಚಳಿಜ್ವರ ಬಂತು. ಹಲ್ಲು ಕಟಕಟಿಸುತ್ತಿತ್ತು. ಅತ್ತಿಗೆ ಹೆದರಿ ಅಳುತ್ತಿದ್ದರು. ನಾನು ಮಾತ್ರ ಒಳಗೊಳಗೇ ಸಮಾಧಾನಪಟ್ಟೆ. ಮದ್ದು ಕೆಲಸ ಶುರುಮಾಡಿದಾಗ ಹೀಗೆ ಜ್ವರ ಬರುವುದುಂಟು. ಚೆನ್ನೈನ ಹೊರವಲಯದ ಪ್ರಯೋಗಾಲಯವೊಂದರಲ್ಲಿ ನಾನು ಮಾಡುವುದೂ ಅಂಥದೇ ಮದ್ದಿನ ಕೆಲಸ.

ದೇಹದಲ್ಲಿ ರೋಗದ ವಿರುದ್ಧ ತಾನಾಗಿ ಹುಟ್ಟುವ ಪ್ರತಿಕಾಯಕ್ಕೆ, ಅಂದರೆ ಆಂಟಿಬಾಡಿಗೆ, ಎರಡು ತೋಳುಗಳಿದ್ದರೂ ಎರಡೂ ಒಂದೇ ಗುರುತನ್ನು ಹಿಡಿಯುತ್ತವೆ. ನಾವು ಕಟ್ಟುವುದು ಬೇರೆ ಥರ. ಒಂದು ತೋಳು ಕ್ಯಾನ್ಸರ್ ಕೋಶವನ್ನು ಅದರ ಮೈಮೇಲಿನ ಗುರುತಿನಿಂದ ಹಿಡಿದರೆ, ಇನ್ನೊಂದು ನಮ್ಮನ್ನು ಕಾಯುವ ಬಿಳಿ ರಕ್ತಕಣವನ್ನು ಎಳೆದು ತಂದು ಅದರ ಪಕ್ಕಕ್ಕೆ ನಿಲ್ಲಿಸುತ್ತದೆ. ಕೊಲ್ಲುವ ಕೆಲಸ ಆ ರಕ್ತಕಣದ್ದು.

ಅಣ್ಣ ಟಿ. ನಗರದಲ್ಲಿ ಅಪ್ಪನ ಕಾಲದ ಹೋಟೆಲನ್ನು ನಡೆಸುತ್ತಿದ್ದ. ಕುತ್ತಿಗೆಯ ಗಂಟುಗಳು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಗಿ, ಕಿಮೋ ಹಿಡಿಯದೆ, ಈ ಎರಡು ತೋಳಿನ ಮದ್ದಿಗೆ ಬಂದಿದ್ದೆವು. ಗಂಟುಗಳು ಕರಗಿದವು. ಅವನು ಮತ್ತೆ ಬೆಳಿಗ್ಗೆ ಹೋಟೆಲಿಗೆ ಹೋಗಿ ಸಾಂಬಾರಿನ ರುಚಿ ನೋಡತೊಡಗಿದ. ಆ ಒಳ್ಳೆಯ ದಿನಗಳಲ್ಲಿ ನಾನು ನಮ್ಮ ಹೊಸ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳಿದ್ದೆ: ಅದಕ್ಕೆ ಮೂರು ತೋಳು, ಕ್ಯಾನ್ಸರಿನ ಒಂದು ಗುರುತು ತಪ್ಪಿದರೂ ಇನ್ನೊಂದನ್ನು ಹಿಡಿದಿರುತ್ತದೆ ಎಂದು.

ದೀಪಾವಳಿ ಕಳೆದ ಮೇಲೆ, ಶೇವ್ ಮಾಡುವಾಗ ಅವನ ಕೈಗೆ ದವಡೆಯ ಕೆಳಗೊಂದು ಗಂಟು ಸಿಕ್ಕಿತು. ಅದರ ತುಣುಕನ್ನು ಪರೀಕ್ಷಿಸಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಮದ್ದು ಹಿಡಿಯುತ್ತಿದ್ದ ಗುರುತನ್ನೇ ಕೋಶಗಳು ಕಳಚಿಕೊಂಡಿದ್ದವು. ಮದ್ದಿಗೆ ಹಿಡಿಯಲು ಏನೂ ಉಳಿದಿರಲಿಲ್ಲ. ಅಣ್ಣನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವನು ಪೂರ್ತಿ ಕೇಳಿಸಿಕೊಂಡ. "ನಿಮ್ಮಲ್ಲಿ ಆ ಮೂರು ಕೈಯದ್ದು ಉಂಟಲ್ಲ, ಅದನ್ನು ನನಗೆ ಹಾಕು" ಎಂದ.

"ಅದು ಇನ್ನೂ ಮನುಷ್ಯರಿಗೆ ಕೊಡುವ ಹಾಗೆ ಆಗ್ಲಿಲ್ಲ, ಅಣ್ಣ. ಬಾಟ್ಲಿಯಲ್ಲೇ ಒಂದಕ್ಕೊಂದು ಅಂಟಿ ಮುದ್ದೆ ಆಗ್ತದೆ. ಮೈಗೆ ಹೋದ್ರೆ ಎಂಥ ಆಗ್ತದೋ ಯಾರಿಗೂ ಗೊತ್ತಿಲ್ಲ."

"ಇಲಿಗೆ ಕೊಟ್ಟಿದ್ದೀರಿ."

"ಇಲಿಗೆ ಕೊಟ್ಟಿದ್ದೇವೆ."

ಕಿಟಕಿಯ ಕಡೆಗೆ ಮುಖ ತಿರುಗಿಸಿದ. "ಆಯ್ತು ಬಿಡು. ಕೇಳದೆ ಇರ್ಲಿಕ್ಕೆ ಆಗ್ಲಿಲ್ಲ" ಎಂದ. ನಾನು ಅವನ ಪಾದ ಒತ್ತುತ್ತಾ ಕೂತೆ. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದವನು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದನ್ನೇ.

ಪೊಂಗಲ್ ರಜೆ ಮುಗಿಯುವ ಮುಂಚೆ ಅಣ್ಣ ತೀರಿಕೊಂಡ. ಹೋಟೆಲನ್ನು ಈಗ ಅವನ ಮಗಳು ನೋಡಿಕೊಳ್ಳುತ್ತಾಳೆ. ನಾವು ಕನ್ನಡದಲ್ಲಿ ಮಾತಾಡಿಸಿದರೆ ಅವಳದು ತಮಿಳಿನಲ್ಲೇ ಉತ್ತರ. ಅಪ್ಪ ಕೇಳಿದ ಆ ಮದ್ದು ಕೊಟ್ಟಿದ್ದರೆ ಅವರು ಉಳಿಯುತ್ತಿದ್ದರಾ ಎಂದು ಒಂದು ಮಧ್ಯಾಹ್ನ ಅವಳು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜವೂ ಹೌದು. ನಮ್ಮ ಮೂರು ತೋಳಿನದು ಇವತ್ತಿಗೂ ಇಲಿಗಳನ್ನು ದಾಟಿಲ್ಲ. ಅವಳು ನನ್ನೆದುರಿಗೆ ಒಂದು ಕಾಫಿ ಇಟ್ಟು, ಕಾಯುತ್ತಿದ್ದ ಗಿರಾಕಿಯ ಕಡೆಗೆ ಹೋದಳು.