ಭಂಡಾರ ತೊಳೆದ ಕಂಪ್ಯೂಟರ್

“ಭಂಡಾರ ಎಲ್ಲಿ ಹೋತಪಾ?”

ಮೊಮ್ಮಗನ ಜಾವಳದ ಫೋಟೋ ಒಯ್ಯಲು ಅನಗವಾಡಿಯಿಂದ ಬೀಳಗಿಯ ನನ್ನ ಸ್ಟುಡಿಯೋಗೆ ಬಂದಿದ್ದ ನಿಂಗವ್ವಜ್ಜಿ, ಮೂವತ್ತು ಪ್ರಿಂಟುಗಳನ್ನೂ ಕೌಂಟರ್ ಮೇಲೆ ಹರವಿ ನನ್ನ ಮುಖ ನೋಡಿದರು.

ಕಂಪ್ಯೂಟರಿನಲ್ಲಿ ಫೋಟೋಗಳ ಬಣ್ಣ ಹೊಂದಿಸುವುದನ್ನು ನಾನು ಆಗಷ್ಟೇ ಕಲಿತಿದ್ದೆ. ಬೀರಪ್ಪನ ಗುಡಿಗೆ ಹೋಗಿ ಫೋಟೋ ತೆಗೆದವನು ನನ್ನ ತಮ್ಮ. ಮೊದಲನೆಯದರಲ್ಲಿ ಎಲ್ಲರ ಮುಖವೂ ಸರಿಯಾಗಿತ್ತು, ಉಳಿದವೆಲ್ಲ ಹಳದಿ. ಗುಡಿಯ ಬಲ್ಬಿನದೇ ತಪ್ಪು ಎಂದುಕೊಂಡು ಎಲ್ಲವನ್ನೂ ಮೊದಲನೆಯದಕ್ಕೆ ಹೊಂದಿಸಿಬಿಟ್ಟಿದ್ದೆ. ಪೂಜೆಯಾದ ಮೇಲೆ ಎಲ್ಲರ ಮೇಲೂ ಎರಚಿದ ಅರಿಶಿನದ ಭಂಡಾರ ಅದು ಎಂಬುದು ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲೇ ಇಲ್ಲ.

“ನಾಳಿ ಬರ್ರಿ ಆಯಿ, ಮತ್ತ ಹಳದಿ ಮಾಡಿ ಕೊಡ್ತೀನಿ” ಎಂದೆ.

“ನಾಳಿ ಯಾಕ, ನನ್ನ ಗಂಟಿನ್ಯಾಗ ಐತಿ.”

ಅಜ್ಜಿ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಭಂಡಾರಕ್ಕೆ ಹೆಬ್ಬೆರಳು ಒತ್ತಿ, ಒಂದೊಂದು ಫೋಟೋದಲ್ಲೂ ಮಗುವಿನ ಬೋಳುತಲೆಗೆ ಸವರುತ್ತ ಹೋದರು. ಮೂವತ್ತೂ ಮುಗಿದ ಮೇಲೆ ಉಳಿದದ್ದನ್ನು ನನ್ನ ಹಣೆಗೆ ಬಳಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಈಗ ಎಲ್ಲಾ ಒಂದ ಬಣ್ಣ ಆತು ನೋಡು.”

ಹೊಸ ಪ್ರಿಂಟು ಹಾಕಿಕೊಡುತ್ತೇನೆ ಎಂದರೂ ಕೇಳದೆ ಅವನ್ನೇ ಒಯ್ದರು. ಅಂದಿನಿಂದ ಹಳದಿ ಫೋಟೋ ಬಂದರೆ ಮೌಸ್ ಮುಟ್ಟುವ ಮೊದಲು ತಮ್ಮನನ್ನು ಕೇಳುತ್ತೇನೆ: ಬಲ್ಬೋ, ಬೀರಪ್ಪನೋ?