ಬಸ್ಸಿಗೆ ಕೈ ಮಾಡುವವರು

ನಮ್ಮೂರಿಂದ ಕುಮಟಾ ಪೇಟೆಗೆ ಬೆಳಿಗ್ಗೆ ಇರುವುದು ಒಂದೇ ಬಸ್ಸು. ಅದು ತಪ್ಪಿದರೆ ಲಕ್ಕಜ್ಜಿಯ ಬುಟ್ಟಿಯ ಹರಿವೆ ಸೊಪ್ಪು ಮಧ್ಯಾಹ್ನದೊಳಗೆ ಬಾಡಿ ದನದ ಪಾಲು. ರಿಕ್ಷಾ ಮಾಡಿದರೆ ಸೊಪ್ಪು ಮಾರಿದ್ದೆಲ್ಲ ಅದಕ್ಕೇ ಸರಿ.

ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ ಎಂದಾದಾಗ ಆಕೆ ಹಿಗ್ಗಿದ್ದಳು. ಹಿಗ್ಗು ಬಹಳ ದಿನ ಉಳಿಯಲಿಲ್ಲ. ಸ್ಟಾಪಿನಲ್ಲಿ ಬರೇ ಹೆಂಗಸರು ಕಂಡರೆ ಬಸ್ಸು ಹೊಗೆ ಬಿಟ್ಟು ಹೋಗುತ್ತಿತ್ತು. ಬುಟ್ಟಿ ಇದ್ದರಂತೂ ಕೇಳುವುದೇ ಬೇಡ. ಅದಕ್ಕೆ ಅವಳ ಗಂಡ ಬೊಮ್ಮಜ್ಜ ದಿನಾ ಮುಂದೆ ನಿಂತು ಕೈ ಮಾಡುತ್ತಿದ್ದ. ಇವತ್ತಾದರೂ ಅಜ್ಜ ಟಿಕೆಟ್ಟು ತೆಗೆದಾನು ಎಂದು ಬಸ್ಸು ನಿಲ್ಲುತ್ತಿತ್ತು. ಲಕ್ಕಜ್ಜಿ ಹತ್ತುತ್ತಿದ್ದಳು. ಅಜ್ಜ ಡ್ರೈವರನ ಬೈಗುಳ ತಿಂದು, ಮಂಡಿ ತಿಕ್ಕಿಕೊಳ್ಳುತ್ತ ಮನೆಗೆ ನಡೆಯುತ್ತಿದ್ದ.

ಕಳೆದ ಮಳೆಗಾಲದಲ್ಲಿ ಬೊಮ್ಮಜ್ಜ ತೀರಿಕೊಂಡ. ಕಾರ್ಯ ಮುಗಿಸಿ ಲಕ್ಕಜ್ಜಿ ಮತ್ತೆ ಬುಟ್ಟಿ ಹೊತ್ತು ಬಂದಳು. ಬಸ್ಸು ನಿಲ್ಲಲಿಲ್ಲ. ಸ್ಟಾಪಿನ ಎದುರು ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು, ಮರುದಿನ ಮಿಷನ್ ಬಿಟ್ಟು ಓಡಿಹೋಗಿ ಕೈ ಅಡ್ಡ ಹಿಡಿದೆ. ಬಿಟ್ಟು ಹೋಗಲು ಇಬ್ಬರು ಹೆಂಗಸರು ಸಿಕ್ಕಿದ ಹಾಗಾಯಿತು, ಅಷ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಹೊತ್ತಿಗೇ ಸರ್ವೆಗೆಂದು ಧನ್ಯಶ್ರೀ ಎಂಬ ಹುಡುಗಿ ಬಂದಳು. ಬಡವರಿಗೆ ಬಸ್ಸು ಎಷ್ಟು ಅನುಕೂಲ ಎಂದು ಕೇಳಿ ಮೊಬೈಲಿನಲ್ಲಿ ಒತ್ತಿಕೊಳ್ಳುವ ಕೆಲಸ ಅವಳದು.

“ಬಸ್ಸು ಫ್ರೀ ಅಲ್ವಾ ಅಜ್ಜಿ?”

“ಹೌದು ತಂಗಿ.”

“ಮತ್ತೆ ತೊಂದ್ರೆ ಎಂತ?”

“ನಿಲ್ಲೂದಿಲ್ಲ.”

ಹುಡುಗಿ ಮೊಬೈಲೆಲ್ಲ ಹುಡುಕಿದಳು. “ಅದು ಇದ್ರಲ್ಲಿ ಇಲ್ಲ ಅಜ್ಜಿ” ಎಂದಳು. ಪಾಪ, ಅವಳೂ ಮುಂದಿನ ಊರಿಗೆ ನಡೆದೇ ಹೋದಳು.

ಮಾರನೆಯ ಬೆಳಿಗ್ಗೆ ಲಕ್ಕಜ್ಜಿ ಸೀರೆಯ ಮೇಲೆ ಬೊಮ್ಮಜ್ಜನ ಅಂಗಿ ತೊಟ್ಟು, ತಲೆಗೆ ಅವನ ಟುವಾಲು ಸುತ್ತಿ ಬಂದಳು. ಅವನದೆಂದು ಮನೆಯಲ್ಲಿ ಉಳಿದಿದ್ದು ಅದೊಂದೇ ಅಂಗಿ. ನಗು ಬಂತು ನನಗೆ, ಆಮೇಲೆ ಅಳತೆ ಟೇಪು ಕೈಗೆತ್ತಿಕೊಂಡೆ.

“ತೋಳು ಸಣ್ಣ ಮಾಡಿ ಕೊಡ್ಲಾ ಅಜ್ಜಿ?”

“ಬೇಡ. ದೂರದಿಂದ ಕಾಣ್ಬೇಕು.”

ಬುಟ್ಟಿ ನನ್ನ ಅಂಗಡಿಯಲ್ಲಿಟ್ಟು, ಸೀರೆ ಕಾಣದ ಹಾಗೆ ಮೋರಿಕಟ್ಟೆಯ ಹಿಂದೆ ನಿಂತು ಕೈ ಮಾಡಿದಳು. ಬಸ್ಸು ನಿಂತಿತು. ನಾನು ಬುಟ್ಟಿ ಎತ್ತಿಕೊಂಡು ಓಡಿದೆ. ಡ್ರೈವರನಿಗೆ ಅಂಗಿಯ ಗುರುತು ಹತ್ತಿತು.

“ಅಜ್ಜ ಎಲ್ಲಿ?”

“ಹೋಗ್ಬಿಟ್ರು.”

ಅವನು ಮುಖ ತಗ್ಗಿಸಿದ. ಇನ್ನು ದಿನಾ ನಿಲ್ಲಿಸುತ್ತೇನೆ ಎಂದ, ನಿಲ್ಲಿಸಿದ ಕೂಡ. ಸ್ವಲ್ಪ ದಿನಕ್ಕೆ ಅವನಿಗೆ ಬೇರೆ ರೂಟು ಬಂತು. ಹೊಸಬನಿಗೆ ಲಕ್ಕಜ್ಜಿ ಯಾರೆಂದು ಗೊತ್ತಿಲ್ಲ.

ಈಗ ದಿನವೂ ಅದೇ ಅಂಗಿ. ಮೊಣಕೈಯಲ್ಲಿ ಹರಿದಾಗ ನಾನೇ ತೇಪೆ ಹಾಕಿಕೊಟ್ಟಿದ್ದೇನೆ. ಅಂಗಿ ಒಗೆದು ಒಣಹಾಕಿದ ದಿನ ಲಕ್ಕಜ್ಜಿ ಪೇಟೆಗೆ ಹೋಗುವುದಿಲ್ಲ.