ಬಂತಪ್ಪ ಎಳೆದ ಗೆರೆ

ಕಾಲೇಜಿನ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ಒತ್ತಿಕೊಂಡಿರುವ ಪ್ರಯೋಗಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮೂವತ್ತೊಂದು ವರ್ಷದಿಂದ ಅಲ್ಲಿರುವ ಅವರು ಎಲ್ಲರಿಗೂ ಬಂತಪ್ಪ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತು, ಕತ್ತಲೆಯಲ್ಲಿ ನೀಲಿ ಮೂಡಿದ ಕೂಡಲೇ “ಬಂತು” ಎನ್ನುತ್ತಿದ್ದರು. ಯಾವುದೋ ಕಾಲದ ಕಿಡಿಗೇಡಿ ವಿದ್ಯಾರ್ಥಿಯೊಬ್ಬ ಅದಕ್ಕೊಂದು ಅಪ್ಪ ಸೇರಿಸಿದ. ಅವರೇನೂ ಬೇಸರಪಟ್ಟುಕೊಳ್ಳಲಿಲ್ಲ.

ಸೇರಿದ ಹೊಸದರಲ್ಲಿ ಗಾಜು ತೊಳೆಯುವುದಷ್ಟೇ ಅವರ ಪಾಲಿಗೆ ಬಂದಿತ್ತು. ಆಮೇಲೆ ಗಾಜನ್ನು ಮಖಮಲ್ಲಿನಿಂದ ಒಂದೇ ದಿಕ್ಕಿಗೆ ಉಜ್ಜುವುದು, ಎರಡು ಗಾಜುಗಳ ನಡುವೆ ಕೂದಲೆಳೆಯ ಹತ್ತರಲ್ಲೊಂದು ಪಾಲಿನಷ್ಟು ಸಂದು ಬಿಟ್ಟು ಅಂಟಿಸುವುದು, ಆ ಸಂದಿಗೆ ದ್ರವಸ್ಫಟಿಕ ಹರಿಸುವುದು, ಎಲ್ಲ ಕೈಗೆ ಹತ್ತಿತು. ದ್ರವಸ್ಫಟಿಕ ನೀರಿನಂತೆ ಹರಿಯುತ್ತದೆ, ಆದರೆ ಅದರೊಳಗೆ ಅಣುಗಳು ಶಿಸ್ತಿನಿಂದ ನಿಂತಿರುತ್ತವೆ. ಕಾಯಿಸಿ ಮೆಲ್ಲಗೆ ಆರಲು ಬಿಟ್ಟರೆ ಒಂದು ಹಂತದಲ್ಲಿ ನೀಲಿ ಚೂರುಗಳು ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಆ ನೀಲಿಯ ಆಯುಷ್ಯ ಒಂದು ಡಿಗ್ರಿ. ಮೊಣಕೈ ಮಡಚಿದಂತೆ ಬಾಗಿದ ಅಣುಗಳನ್ನು ಬೆರೆಸಿದರೆ ಏಳೆಂಟು ಡಿಗ್ರಿ ಉಳಿಯುತ್ತದೆ. ಆಗ ವಿದ್ಯುತ್ ಹರಿಸಿ ಏರಿಸುತ್ತ ಹೋದರೆ ನೀಲಿ ಹಸಿರಿಗೆ ತಿರುಗುತ್ತದೆ. ಎಷ್ಟು ವೋಲ್ಟಿಗೆ ತಿರುಗಿತು ಎಂಬುದೇ ಅಲ್ಲಿನವರ ತಪಸ್ಸು. ಕಡಿಮೆ ವೋಲ್ಟಿಗೆ ತಿರುಗುವಂಥದ್ದು ಸಿಕ್ಕರೆ ಮುಂದೆ ಟಿವಿ, ಫೋನುಗಳ ಪರದೆಗೆ ಬಂದೀತು ಎಂಬ ಆಸೆ.

ಬಣ್ಣ ಅಳೆಯುವ ಯಂತ್ರ ವರ್ಷಗಳ ಹಿಂದೆ ರಿಪೇರಿಗೆಂದು ಹೋದದ್ದು ಮರಳಿರಲಿಲ್ಲ. “ಬಂತಪ್ಪನವರ ಕಣ್ಣಿರುವಾಗ ಯಂತ್ರ ಯಾಕೆ?” ಎಂದು ವಿಭಾಗದ ಮೇಡಂ ಸುಮ್ಮನಾಗಿದ್ದರು. ಹಾಗಾಗಿ ಕಣ್ಣು ಬಂತಪ್ಪನವರದು; ಪಕ್ಕದಲ್ಲಿ ಕೂತು ಅಂಕಿ ಬರೆಯುವುದು ವಿದ್ಯಾರ್ಥಿಗಳದು.

ಈಗ ಬರೆಯುತ್ತಿದ್ದವಳು ಸಂಶೋಧನೆಗೆ ಸೇರಿದ ಹುಡುಗಿ. ಎರಡು ವರ್ಷದಲ್ಲಿ ಒಂದಾದ ಮೇಲೊಂದು ಐದು ಮಿಶ್ರಣ ಮಾಡಿ ಅಳೆಸಿದ್ದಳು. ಒಂದಕ್ಕಿಂತ ಒಂದರಲ್ಲಿ ಬಾಗಿದ ಅಣುಗಳು ಹೆಚ್ಚು. ಮೊದಲನೆಯದು ಹಸಿರಾದದ್ದು ಐವತ್ತೆರಡು ವೋಲ್ಟಿಗೆ, ಕೊನೆಯದು ಮೂವತ್ತೆಂಟಕ್ಕೆ. ನಡುವಿನವೂ ಮೆಟ್ಟಿಲಿಳಿದಂತೆ ಇಳಿದಿದ್ದವು. ಅವಳ ಪ್ರಬಂಧವೆಲ್ಲ ಆ ಮೆಟ್ಟಿಲುಗಳ ಮೇಲೆ ನಿಂತಿತ್ತು. ಸಲ್ಲಿಸಲು ಒಂದು ತಿಂಗಳಿತ್ತು.

“ಮೊದಲನೇದನ್ನ ಇನ್ನೊಂದು ಸಲ ನೋಡಿಬಿಡಿ. ಪರೀಕ್ಷಕರು ಕೇಳೇ ಕೇಳ್ತಾರೆ,” ಎಂದರು ಮೇಡಂ.

ಮಧ್ಯಾಹ್ನ ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟು ಇಬ್ಬರೂ ಕೂತರು. ನೀಲಿ ಬಂತು. ಹುಡುಗಿ ಗುಂಡಿ ತಿರುಗಿಸುತ್ತ ವೋಲ್ಟು ಹೇಳುತ್ತ ಹೋದಳು.

“ಮೂವತ್ತೈದು. ಮೂವತ್ತಾರು. ಅಂಕಲ್, ನಿದ್ದೆ ಬಂತಾ?”

“ನಿಮ್ಮ ಮೇಡಂ ಇದ್ದಾಗ ಕೇಳು, ಹೇಳ್ತೀನಿ. ಏರಿಸು.”

“ಮೂವತ್ತೇಳು.”

“ಹಸಿರು.”

ಹುಡುಗಿಯ ಪೆನ್ಸಿಲ್ ನಿಂತಿತು. ಹಳೆಯ ಪುಟ ತಿರುಗಿಸಿದಳು. “ಇದು ಮೊದಲನೇದು. ಐವತ್ತೆರಡು ಬರಬೇಕಿತ್ತು. ನೀವೇ ಹೇಳಿದ್ದು.” ಆಮೇಲೆ ತಾನೇ ಸಮಾಧಾನ ಹುಡುಕಿಕೊಂಡಳು. “ಎರಡು ವರ್ಷದ ಹಿಂದಿನದಲ್ವಾ, ಕೆಟ್ಟಿರುತ್ತೆ ಬಿಡಿ. ‘ಮಾದರಿ ಹಳೆಯದಾಗಿದೆ’ ಅಂತ ಬರೀತೀನಿ.” ಬರೆದೂಬಿಟ್ಟಳು. ಕೈ ಸ್ವಿಚ್ಚಿನ ಕಡೆ ಹೋಯಿತು.

ಕೆಡುವುದುಂಟು. ಯಾರೂ ಪ್ರಶ್ನಿಸದ ಮಾತು ಅದು. ಬಂತಪ್ಪ ಕಣ್ಣು ಕದಲಿಸದೆ ಕೂತೇ ಇದ್ದರು. ಕೊನೆಯ ಮಿಶ್ರಣಕ್ಕೆ ಮೂವತ್ತೆಂಟು. ಈಗ ಮೊದಲನೆಯದಕ್ಕೂ ಹೆಚ್ಚುಕಡಿಮೆ ಅಷ್ಟೇ. ಐದೂ ಒಂದೇ ಆಗಿದ್ದು, ಇಳಿದದ್ದು ಬೇರೇನೋ ಆಗಿದ್ದರೆ? ಎದ್ದು ಕುರ್ಚಿ ಬಿಟ್ಟುಕೊಟ್ಟರು.

“ಆರಿಸಬೇಡ. ನೀನು ನೋಡು, ತಾಯಿ.”

“ನಾನಾ? ನನಗೆ ಅಭ್ಯಾಸ ಇಲ್ಲ.”

“ಬಣ್ಣ ಹೇಳೋಕೆ ಅಭ್ಯಾಸ ಯಾಕೆ? ಯಾವುದು ಕಾಣುತ್ತೆ ಅಷ್ಟು ಹೇಳು.”

ಅವಳು ಬಗ್ಗಿದಳು.

“ನೀಲಿ ಇದೆಯಲ್ಲ ಅಂಕಲ್. ಅಚ್ಚ ನೀಲಿ.”

ಈಗ ಗುಂಡಿ ಬಂತಪ್ಪನವರ ಕೈಯಲ್ಲಿ. ನಲವತ್ತು, ಐವತ್ತು, ಐವತ್ತೆರಡು. “ಇನ್ನೂ ನೀಲಿ.” ಅರವತ್ತೊಂದಕ್ಕೆ ಅವಳು “ಹಸಿರಾಗ್ತಿದೆ” ಎಂದಳು, ದನಿ ಬಿದ್ದುಹೋಗಿತ್ತು. ಅವರು ಐದನೆಯ ಮಿಶ್ರಣವನ್ನು ಇಟ್ಟುಕೊಟ್ಟರು. ಅರವತ್ತು.

“ಬಾಗಿದ ಅಣುಗಳಿಂದ ಏನೂ ಕಡಿಮೆ ಆಗಿಲ್ಲ,” ಎಂದರು ಬಂತಪ್ಪ. “ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಬಂದಿರೋದು ನನ್ನ ಕಣ್ಣು. ಪೊರೆ ಬಂದಿರಬೇಕು, ನೀಲಿ ಸೋರಿಹೋಗಿ ನನಗೆ ಹಸಿರೊಂದೇ ಉಳೀತಿದೆ.”

ಹುಡುಗಿಗೆ ಅಳು ಬರಲಿಲ್ಲ, ಸಿಟ್ಟು ಬಂತು. “ಎರಡು ವರ್ಷ ಅಂಕಲ್! ಒಂದು ಸಲವಾದರೂ ಅನುಮಾನ ಬರಲಿಲ್ವಾ ನಿಮಗೆ?”

ಬಂತಪ್ಪ ಅವಳ ಪುಸ್ತಕದ ಹಳೆಯ ಪುಟ ನೋಡಿದರು. ಮೊದಲ ಅಳತೆಯ ಐವತ್ತೆರಡೂ ತಪ್ಪಾಗಿತ್ತು. ಅಂದರೆ ಕಣ್ಣು ಕೆಟ್ಟದ್ದು ಅವಳು ಬರುವುದಕ್ಕೂ ಮುಂಚೆ. ಎಷ್ಟು ಮುಂಚೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು.

“ಬಣ್ಣ ನನಗೆ ಸರಿಯಾಗಿ ಕಾಣ್ತಿಲ್ಲ ಅಂತ ನಿನಗೆ ಯಾವತ್ತಾದರೂ ಅನ್ನಿಸಿತ್ತೇನೇ?”

ಹೆಂಡತಿ ನಕ್ಕುಬಿಟ್ಟರು. “ಗೇಟಿಗೆ ಬಣ್ಣ ಹೊಡೆಸಿದಾಗ ಆ ಪೇಂಟರನ್ನ ಎಷ್ಟು ಗೋಳು ಹೊಯ್ಕೊಂಡ್ರಿ! ‘ಇದು ಬೂದಿ ಕಣಯ್ಯ, ಇನ್ನೂ ನೀಲಿ ಬೆರೆಸು’ ಅಂತ ಮೂರು ಸಲ. ಬೀದಿಯವರೆಲ್ಲ ಕಣ್ಣು ಮುಚ್ಚಿಕೊಂಡು ಓಡಾಡೋ ಹಾಗೆ ಆಯ್ತು ನಮ್ಮ ಗೇಟು.”

“ಯಾವಾಗ ಅದು?”

“ಮೊಮ್ಮಗಳು ಹುಟ್ಟೋ ತಿಂಗಳು. ಅವಳಿಗೀಗ ನಾಲ್ಕು ತುಂಬಿತು.”

“ಆಗಲೇ ಹೇಳಬಾರದಿತ್ತಾ?”

“ಹೇಳಿದ್ದೆ ರೀ. ‘ದಿನಾ ನೀಲಿ ನೋಡೋನಿಗೆ ನೀಲಿ ಹೇಳ್ಕೊಡ್ತೀಯಾ’ ಅಂದ್ರಿ.” ಅಷ್ಟು ಹೇಳಿ, ಗಂಡನ ಮುಖ ನೋಡಿ, ಸೂಜಿ ಕೆಳಗಿಟ್ಟರು. “ಏನಾಯ್ತು?”

ಬಂತಪ್ಪ ಎದ್ದು ಹೊರಗೆ ಹೋದರು. ಇನ್ನೂ ಬೆಳಕಿತ್ತು, ಬೀದಿ ದೀಪ ಹತ್ತಿರಲಿಲ್ಲ. ಅವರ ಕಣ್ಣಿಗೆ ಗೇಟು ಬೂದಿಯಾಗಿಯೇ ಇತ್ತು.

ಮರುದಿನ ಎಲ್ಲ ದಾಖಲೆ ಪುಸ್ತಕಗಳನ್ನು ಮೇಡಂ ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದಂತೆ ಹೇಳಿದರು. ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

“ತಪ್ಪು ನನ್ನದೂ ಇದೆ. ಯಂತ್ರ ತರಿಸಬೇಕಿತ್ತು. ಇರಲಿ, ಹುಡುಗಿಯ ಎರಡು ವರ್ಷ ಹೊಡೆದುಹಾಕೋಣ.”

“ಸಾಲದು ಮೇಡಂ. ನಾಲ್ಕು ವರ್ಷ.”

“ನಾಲ್ಕು ವರ್ಷ ಅಂದರೆ...” ಮೇಡಂ ಲೆಕ್ಕ ಹಾಕಿದರು. ಈ ಅಳತೆಗಳನ್ನೇ ನಂಬಿ ಮೂರು ವರ್ಷದ ಹಿಂದೆ ಅಚ್ಚಾದ ಲೇಖನವೊಂದಿತ್ತು. ಬರೆದವರ ಸಾಲಿನಲ್ಲಿ ಕೊನೆಯದು ಬಂತಪ್ಪನವರ ನಿಜವಾದ ಹೆಸರು. ಅವರ ಹೆಸರು ಅಚ್ಚಾಗಿದ್ದು ಅದೊಂದೇ ಕಡೆ. “ಅದನ್ನ ಇದುವರೆಗೆ ಯಾರೂ ಪ್ರಶ್ನಿಸಿಲ್ಲ. ನಿಮ್ಮ ಹೆಸರಿದೆ ಅದರಲ್ಲಿ.”

“ಅದಕ್ಕೇ ಹೇಳ್ತಿರೋದು, ಮೇಡಂ.”

ಮೊಮ್ಮಗಳು ಹುಟ್ಟಿದ ತಿಂಗಳ ಪುಟ ತೆಗೆದರು. ಕಣ್ಣು ಕೆಟ್ಟ ನಿಖರವಾದ ದಿನ ಅಲ್ಲಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಇನ್ನೂ ಎರಡು ತಿಂಗಳು ಹಿಂದಕ್ಕೆ ತಿರುಗಿಸಿ, ಸ್ಕೇಲ್ ಇಟ್ಟು, ಅಡ್ಡಗೆರೆ ಎಳೆದರು. ‘ಇಲ್ಲಿಂದ ಮುಂದಿನ ಬಣ್ಣದ ಅಳತೆಗಳನ್ನು ನಂಬಬಾರದು’ ಎಂದು ಬರೆದು ಸಹಿ ಹಾಕಿದರು. ಮೇಡಂ ಕೂಡ ಪಕ್ಕದಲ್ಲಿ ಸಹಿ ಹಾಕಿ, ಲೇಖನ ಹಿಂಪಡೆಯಲು ಪತ್ರ ಬರೆಯತೊಡಗಿದರು.

ಹುಡುಗಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಅವಳ ಎರಡು ವರ್ಷ ಆ ಗೆರೆಯಿಂದ ಎಷ್ಟೋ ಪುಟ ಈಚೆಗಿತ್ತು. ಒಳಬಂದು ತನ್ನ ಪುಸ್ತಕ ಎತ್ತಿಕೊಂಡಳು. ಬಂತಪ್ಪನವರ ಮುಖ ನೋಡಲಿಲ್ಲ.

“ಐದಕ್ಕೂ ಹೊಸ ಗಾಜು ಬೇಕು,” ಎಂದಳು. “ಸೋಮವಾರದೊಳಗೆ ಆಗುತ್ತಾ?”

“ಶನಿವಾರಕ್ಕೇ ಕೊಡ್ತೀನಮ್ಮ,” ಎಂದು ಬಂತಪ್ಪ ಅಂಗಿಯ ತೋಳು ಮಡಚಿಕೊಂಡು ನಲ್ಲಿಯ ಕಡೆಗೆ ನಡೆದರು.